ಐರ್ಲೆಂಡ್ ಪರ ಬ್ಯಾಡ್ಮಿಂಟನ್ ಆಡುವುದೆಂದರೆ: ಕ್ಲೋಯಿ ಮಗೀ ಸಾಗಿದ ದಾರಿ ಮತ್ತು ಅದರ ಹಿಂದಿನ ಲೆಕ್ಕ

ಲಕ್ಷ್ಯ ಸೇನ್, ಅಶ್ವಿನಿ ಪೊನ್ನಪ್ಪ, ಕಾರ್ಕಳ ಕಡೆಯ ಆಯುಷ್ ಶೆಟ್ಟಿ ಇವರ ಪಂದ್ಯಗಳಿಗಾಗಿ ಡ್ರಾ ಪಟ್ಟಿ ತೆರೆಯುವ ಅಭ್ಯಾಸ ನಮ್ಮಲ್ಲಿ ಈಗ ಹಲವರಿಗಿದೆ. ಆ ಪಟ್ಟಿಯಲ್ಲಿ ಆಗೊಮ್ಮೆ ಈಗೊಮ್ಮೆ ಹಸಿರು, ಬಿಳಿ, ಕಿತ್ತಳೆ ಬಾವುಟದ ಹೆಸರೊಂದು ಕಾಣುತ್ತದೆ. ಅದು ಐರ್ಲೆಂಡ್. ಇಡೀ ದ್ವೀಪದ ಜನಸಂಖ್ಯೆ ಬೆಂಗಳೂರಿನದಕ್ಕಿಂತ ಕಡಿಮೆ. ಹರ್ಲಿಂಗ್, ಗೇಲಿಕ್ ಫುಟ್‌ಬಾಲ್, ರಗ್ಬಿ ಇವೇ ಅಲ್ಲಿನ ಜನರ ಆಟಗಳು. ಅಂಥ ದೇಶದಿಂದ ಒಬ್ಬರು ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್‌ಗೆ ಬರುವುದು ಹೇಗೆ? ಬಂದ ಮೇಲೆ ಉಳಿಯುವುದು ಹೇಗೆ? ಡಬ್ಲಿನ್ ಸುತ್ತ ನೆಲೆಸಿ ಮಕ್ಕಳನ್ನು ಕ್ಲಬ್ಬಿಗೆ ಬಿಡುತ್ತಿರುವ ಕನ್ನಡದ ತಂದೆತಾಯಿಗಳಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ.

ಉತ್ತರಕ್ಕೆ ಒಬ್ಬ ಆಟಗಾರ್ತಿಯ ವೃತ್ತಿಬದುಕನ್ನು ಹಿಡಿದು ಹೋಗೋಣ. ಅವರ ಹೆಸರು ಕ್ಲೋಯಿ ಮಗೀ.

## ಯಾರು ಈ ಕ್ಲೋಯಿ ಮಗೀ?

ಹುಟ್ಟಿದ್ದು 1988ರ ನವೆಂಬರ್‌ನಲ್ಲಿ. ಊರು ರಫೋ, ಐರ್ಲೆಂಡಿನ ವಾಯವ್ಯ ಮೂಲೆಯ ಡೊನೆಗಾಲ್ ಕೌಂಟಿಯ ಒಂದು ಸಣ್ಣ ಪಟ್ಟಣ. ರಾಜಧಾನಿ ಡಬ್ಲಿನ್‌ಗೆ ಅಲ್ಲಿಂದ ರಸ್ತೆಯಲ್ಲಿ ಮೂರು ಗಂಟೆಯ ದಾರಿ. ಮನೆತುಂಬ ಬ್ಯಾಡ್ಮಿಂಟನ್: ಸಹೋದರ ಡ್ಯಾನ್ ಮುಂದೆ ರಾಷ್ಟ್ರೀಯ ತಂಡದ ಕೋಚ್ ಆದರು, ಇನ್ನಿಬ್ಬರು ಸಹೋದರರಾದ ಸ್ಯಾಮ್ ಮತ್ತು ಜೋಶುವಾ ಕೂಡ ದೇಶಕ್ಕೆ ಆಡಿದರು.

ಕ್ಲೋಯಿ ಮೂರು ಒಲಿಂಪಿಕ್ಸ್ ಆಡಿದ್ದಾರೆ: ಬೀಜಿಂಗ್ 2008, ಲಂಡನ್ 2012, ರಿಯೊ 2016. ಬೀಜಿಂಗ್‌ಗೆ ಹೋದಾಗ ವಯಸ್ಸು 19. ಅಲ್ಲಿ ಮೊದಲ ಸುತ್ತಿನಲ್ಲಿ ಎಸ್ಟೋನಿಯಾದ ಕಾಟಿ ಟೋಲ್ಮೋಫ್ ಅವರನ್ನು ಸೋಲಿಸಿ, ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಪಂದ್ಯ ಗೆದ್ದ ಐರ್ಲೆಂಡಿನ ಮೊದಲ ಮಹಿಳೆಯಾದರು. ಲಂಡನ್‌ನಲ್ಲಿ ಈಜಿಪ್ಟಿನ ಹಾದಿಯಾ ಹೋಸ್ನಿ ಮೇಲೆ ಗೆದ್ದು, ಜರ್ಮನಿಯ ಯೂಲಿಯಾನೆ ಶೆಂಕ್ ಎದುರು ಸೋತರು. ರಿಯೊದಲ್ಲಿ ಚೀನಾದ ವಾಂಗ್ ಯಿಹಾನ್ ಇದ್ದ ಗುಂಪಿಗೆ ಬಿದ್ದರು, ಎರಡೂ ಪಂದ್ಯ ಕೈತಪ್ಪಿದವು. ನಂತರ ಸ್ಯಾಮ್ ಜೊತೆ ಮಿಶ್ರ ಡಬಲ್ಸ್‌ನಲ್ಲಿ 2017ರ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಕಂಚು, 2019ರಲ್ಲಿ ಮಿನ್ಸ್ಕ್‌ನ ಯುರೋಪಿಯನ್ ಗೇಮ್ಸ್‌ನ ಕಂಚು.

ಪದಕದ ಪಟ್ಟಿಯನ್ನಷ್ಟೇ ನೋಡಿದರೆ ಇದು ದೊಡ್ಡದೆನಿಸದು. ಆದರೆ ಮೂರು ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲು ಏನು ಬೇಕು ಎಂದು ಗೊತ್ತಾದರೆ ಇದೇ ಪಟ್ಟಿ ಬೇರೆಯೇ ಆಗಿ ಕಾಣುತ್ತದೆ.

## ಹೊಸಬರಲ್ಲ, ಹಳಬರೇ

ಐರ್ಲೆಂಡ್ ಬ್ಯಾಡ್ಮಿಂಟನ್‌ಗೆ ಹೊಸ ದೇಶ ಎಂದುಕೊಳ್ಳುವುದು ತಪ್ಪು. ಅಲ್ಲಿನ ಬ್ಯಾಡ್ಮಿಂಟನ್ ಸಂಸ್ಥೆ 1899ರದು, ಐರಿಷ್ ಓಪನ್ ಟೂರ್ನಿ ಶುರುವಾದದ್ದು 1902ರಲ್ಲಿ. 1934ರಲ್ಲಿ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಷನ್ ಹುಟ್ಟಿದಾಗ ಸ್ಥಾಪಕ ಸದಸ್ಯರಾಗಿದ್ದ ಒಂಬತ್ತು ದೇಶಗಳಲ್ಲಿ ಐರ್ಲೆಂಡ್ ಕೂಡ ಒಂದು. ಡಬ್ಲಿನ್‌ನ ಫ್ರಾಂಕ್ ಡೆವ್ಲಿನ್ 1925ರಿಂದ 1931ರ ನಡುವೆ ಐದು ಸಲ ಆಲ್ ಇಂಗ್ಲೆಂಡ್ ಪುರುಷರ ಸಿಂಗಲ್ಸ್ ಗೆದ್ದರು. ಅವರ ಮಗಳು ಜೂಡಿ ಅಮೆರಿಕದ ಪರ ಆಡಿ ಅದೇ ಟೂರ್ನಿಯ ಮಹಿಳಾ ಸಿಂಗಲ್ಸ್ ಅನ್ನು ಹತ್ತು ಸಲ ಗೆದ್ದರು.

ಆಮೇಲೆ ಏಷ್ಯಾ ಮುಂದೆ ಹೋಯಿತು, ಯುರೋಪಿನಲ್ಲಿ ಡೆನ್ಮಾರ್ಕ್ ಮಾತ್ರ ಅದರ ಜೊತೆ ಹೆಜ್ಜೆ ಹಾಕಿತು. ಐರ್ಲೆಂಡಿನಲ್ಲಿ ಆಟ ಉಳಿದದ್ದು ಊರಿನ ಸಮುದಾಯ ಭವನಗಳಲ್ಲಿ, ಚರ್ಚ್ ಹಾಲ್‌ಗಳಲ್ಲಿ, ಚಳಿಗಾಲದ ಸಂಜೆಯ ಆಟವಾಗಿ. ಮಗೀ ಕುಟುಂಬದಂಥವರು ಮೇಲೆ ಬಂದದ್ದು ಈ ನೆಲದಿಂದ.

## ರ‍್ಯಾಂಕಿಂಗ್: ಎಲ್ಲವನ್ನೂ ತೀರ್ಮಾನಿಸುವ ಸಂಖ್ಯೆ

ಈ ವೃತ್ತಿಯ ಹೃದಯ ಇಲ್ಲಿದೆ. ಇದು ತಿಳಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ಪ್ರತಿ ವಾರ ರ‍್ಯಾಂಕಿಂಗ್ ಪ್ರಕಟಿಸುತ್ತದೆ. ಹಿಂದಿನ 52 ವಾರಗಳಲ್ಲಿ ನೀವು ಆಡಿದ ಟೂರ್ನಿಗಳ ಪೈಕಿ ಅತಿ ಹೆಚ್ಚು ಪಾಯಿಂಟ್ ತಂದ ಹತ್ತನ್ನು ಮಾತ್ರ ಕೂಡುತ್ತಾರೆ. ಕಿರಾಣಿ ಅಂಗಡಿಯ ಕಪಾಟಿನಲ್ಲಿ ಹತ್ತೇ ಡಬ್ಬಗಳಿಗೆ ಜಾಗವಿದೆ ಎಂದುಕೊಳ್ಳಿ. ಪ್ರತಿ ಡಬ್ಬದ ಮೇಲೂ ಒಂದು ವರ್ಷದ ಅವಧಿಯ ಮುದ್ರೆ ಇರುತ್ತದೆ. ಅವಧಿ ಮುಗಿದದ್ದನ್ನು ತೆಗೆದು ಹೊರಗಿಡಲೇಬೇಕು. ಆ ಜಾಗಕ್ಕೆ ಅಷ್ಟೇ ತೂಕದ ಹೊಸ ಡಬ್ಬ ಬರದಿದ್ದರೆ ಒಟ್ಟು ತೂಕ ಇಳಿಯುತ್ತದೆ.

ಎಲ್ಲ ಟೂರ್ನಿಗಳ ತೂಕ ಒಂದೇ ಅಲ್ಲ. ಮೇಲಿನ ಹಂತ ವರ್ಲ್ಡ್ ಟೂರ್: ಸೂಪರ್ 1000, 750, 500, 300, ಕೊನೆಗೆ 100. ಅದರ ಕೆಳಗೆ ಇಂಟರ್‌ನ್ಯಾಷನಲ್ ಚಾಲೆಂಜ್, ಇಂಟರ್‌ನ್ಯಾಷನಲ್ ಸೀರೀಸ್, ಫ್ಯೂಚರ್ ಸೀರೀಸ್. 2018ರಲ್ಲಿ ವರ್ಲ್ಡ್ ಟೂರ್ ಆರಂಭವಾದಾಗಿನ ಪಾಯಿಂಟ್ ಪಟ್ಟಿಯಲ್ಲಿ ಸೂಪರ್ 1000 ಗೆದ್ದರೆ 12,000. ಸೂಪರ್ 300 ಗೆದ್ದರೆ 7,000. ಇಂಟರ್‌ನ್ಯಾಷನಲ್ ಚಾಲೆಂಜ್ ಗೆದ್ದರೆ 4,000. ಫ್ಯೂಚರ್ ಸೀರೀಸ್ ಗೆದ್ದರೆ 1,700. ಐರಿಷ್ ಓಪನ್ ಈಚಿನ ವರ್ಷಗಳಲ್ಲಿ ಚಾಲೆಂಜ್ ದರ್ಜೆಯ ಟೂರ್ನಿ. ಲಖನೌದ ಸೈಯದ್ ಮೋದಿ ಟೂರ್ನಿ ಸೂಪರ್ 300, ದೆಹಲಿಯ ಇಂಡಿಯಾ ಓಪನ್ ಸೂಪರ್ 750.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಯುರೋಪಿನ ಒಬ್ಬ ಮಧ್ಯಮ ದರ್ಜೆಯ ಆಟಗಾರ್ತಿಯ ಹತ್ತು ಫಲಿತಾಂಶಗಳು ಹೀಗಿವೆ ಎಂದಿಟ್ಟುಕೊಳ್ಳಿ. ಚಾಲೆಂಜ್ ಟೂರ್ನಿಗಳಲ್ಲಿ ನಾಲ್ಕು ಸಲ ಕ್ವಾರ್ಟರ್ ಫೈನಲ್, ತಲಾ 2,200ರಂತೆ 8,800. ಎರಡು ಸಲ ಸೆಮಿಫೈನಲ್, ತಲಾ 2,800ರಂತೆ 5,600. ಸೂಪರ್ 300ರಲ್ಲಿ ಎರಡು ಸಲ ಎರಡನೇ ಸುತ್ತು, ತಲಾ 2,750ರಂತೆ 5,500. ಮತ್ತೆರಡು ಸಲ ಅಲ್ಲೇ ಮೊದಲ ಸುತ್ತಿನ ಸೋಲು, ತಲಾ 1,670ರಂತೆ 3,340. ಒಟ್ಟು 23,240. ಇದಕ್ಕಾಗಿ ಆಕೆ ಗೆದ್ದಿರುವುದು ಹದಿನಾರು ಪಂದ್ಯಗಳು.

ಇನ್ನೊಬ್ಬಳು ವರ್ಷವಿಡೀ ಸೂಪರ್ 1000 ಮತ್ತು 750 ಟೂರ್ನಿಗಳನ್ನೇ ಆಡಿದಳು ಎನ್ನಿ. 2023ರಲ್ಲಿ ಶುರುವಾದ ಕ್ಯಾಲೆಂಡರ್‌ನಲ್ಲಿ ಸೂಪರ್ 1000 ನಾಲ್ಕು, 750 ಆರು. ಆಕೆ ಹತ್ತರಲ್ಲೂ ಮೊದಲ ಸುತ್ತಿನಲ್ಲೇ ಸೋತಳು. ಸೂಪರ್ 1000ರ ಮೊದಲ ಸುತ್ತಿಗೆ 3,000, 750ರ ಮೊದಲ ಸುತ್ತಿಗೆ 2,660. ಒಟ್ಟು 27,960.

ಒಂದೂ ಪಂದ್ಯ ಗೆಲ್ಲದವಳು ಹದಿನಾರು ಗೆದ್ದವಳಿಗಿಂತ 4,720 ಪಾಯಿಂಟ್ ಮುಂದೆ. ನೋಡಿದ ಕೂಡಲೇ ಅನ್ಯಾಯ ಎನಿಸುತ್ತದೆ. ಆದರೆ ಸೂಪರ್ 1000ರ ಮೊದಲ ಸುತ್ತಿನಲ್ಲಿ ಎದುರಿಗೆ ನಿಲ್ಲುವುದು ಬಹುಶಃ ವಿಶ್ವದ ಮೊದಲ ಹತ್ತರೊಳಗಿನವರು, ಆ ಕಷ್ಟಕ್ಕೆ ಈ ಬೆಲೆ. ಪ್ರಶ್ನೆ ಇರುವುದು ಅಲ್ಲಿಗೆ ಪ್ರವೇಶ ಸಿಗುವುದರಲ್ಲಿ.

## ಬಾಗಿಲು ಎಲ್ಲಿದೆ?

ಸೂಪರ್ 1000ರಲ್ಲಿ ಸಿಂಗಲ್ಸ್‌ಗೆ 32 ಜಾಗ. ಹೆಸರು ಕೊಟ್ಟವರಲ್ಲಿ ರ‍್ಯಾಂಕಿಂಗ್ ಪ್ರಕಾರ ಮೇಲಿನ 32 ಮಂದಿ ಒಳಗೆ, ಉಳಿದವರು ಮೀಸಲು ಪಟ್ಟಿಗೆ. ಸೂಪರ್ 300ರಂಥ ಹಂತಗಳಲ್ಲಿ ಕೆಲವು ಜಾಗಗಳನ್ನು ಅರ್ಹತಾ ಸುತ್ತಿಗೆ ಬಿಟ್ಟಿರುತ್ತಾರೆ. ಅಂದರೆ ಮುಖ್ಯ ಡ್ರಾಗೆ ಒಂದು ದಿನ ಮೊದಲೇ ಬಂದು, ಒಂದೇ ದಿನ ಎರಡು ಪಂದ್ಯ ಗೆದ್ದು, ಮರುದಿನ ಬೆಳಗ್ಗೆ ವಿಶ್ರಾಂತಿ ಪಡೆದು ಬಂದ ಶ್ರೇಯಾಂಕಿತರ (ಸೀಡ್, ಅಂದರೆ ಆ ಟೂರ್ನಿಯ ಬಲಿಷ್ಠರೆಂದು ಡ್ರಾದಲ್ಲಿ ಗುರುತಿಸಿದವರು) ಎದುರು ನಿಲ್ಲಬೇಕಾಗಬಹುದು.

ಪ್ರವೇಶಕ್ಕೆ ನೋಡುವುದು ಟೂರ್ನಿಯ ವಾರದ ರ‍್ಯಾಂಕಿಂಗ್ ಅಲ್ಲ, ಅದಕ್ಕೆ ಕೆಲವು ವಾರ ಮೊದಲಿನದು. ಹಾಗಾಗಿ ಮಾರ್ಚ್‌ನ ಸ್ವಿಸ್ ಓಪನ್ ಆಡಬೇಕಾದರೆ ಜನವರಿಯಲ್ಲೇ ಪಾಯಿಂಟ್ ಕೂಡಿರಬೇಕು. ಮೀಸಲು ಪಟ್ಟಿಯ ಎರಡನೇ ಹೆಸರಾಗಿದ್ದರೆ ಇನ್ನೂ ಪೇಚು: ಯಾರಾದರೂ ಹಿಂದೆ ಸರಿದರೆ ಅವಕಾಶ, ಇಲ್ಲದಿದ್ದರೆ ಇಲ್ಲ. ವಿಮಾನದ ಟಿಕೆಟ್ ಮಾಡಿಸಿದರೆ ದುಡ್ಡು ಹೋಗಬಹುದು. ಮಾಡಿಸದಿದ್ದರೆ ಕೊನೆ ಗಳಿಗೆಯಲ್ಲಿ ಬೆಲೆ ಮೂರು ಪಟ್ಟು. ಗಡುವು ಮೀರಿ ಹೆಸರು ಹಿಂತೆಗೆದರೆ ದಂಡವೂ ಇದೆ.

ಇನ್ನು ಗಾಯ. ಬ್ಯಾಡ್ಮಿಂಟನ್ ಆಟಗಾರರಿಗೆ ಹೆಚ್ಚು ಕಾಡುವುದು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು, ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜು ಮತ್ತು ಭುಜ. ನೆಟ್ ಹತ್ತಿರ ಬಲಗಾಲು ಮುಂದಿಟ್ಟು ಬಾಗಿ ಎದ್ದೇಳುವ ಲಂಜ್ ಒಂದು ಪಂದ್ಯದಲ್ಲಿ ನೂರಾರು ಸಲ ಬರುತ್ತದೆ, ಪ್ರತಿ ಸಲವೂ ಆ ಹೊಡೆತ ತಿನ್ನುವುದು ಅದೇ ಮಂಡಿ. ಎರಡು ತಿಂಗಳು ಕೂತರೆ ಆ ಎರಡು ತಿಂಗಳಲ್ಲಿ ಹಳೆಯ ಪಾಯಿಂಟ್‌ಗಳ ಅವಧಿ ಮುಗಿಯುತ್ತ ಹೋಗುತ್ತದೆ, ಹೊಸದು ಬರುವುದಿಲ್ಲ. ದೀರ್ಘ ಗಾಯಕ್ಕೆ, ಗರ್ಭಧಾರಣೆಗೆ ಸಂರಕ್ಷಿತ ರ‍್ಯಾಂಕಿಂಗ್ ಎಂಬ ವ್ಯವಸ್ಥೆ ಇದೆ. ಅದು ಟೂರ್ನಿಯೊಳಗೆ ಹೋಗಲು ನೆರವಾಗುತ್ತದೆ, ಕಳೆದುಹೋದ ಪಾಯಿಂಟ್‌ಗಳನ್ನು ಮರಳಿ ಕೊಡುವುದಿಲ್ಲ.

## ಒಲಿಂಪಿಕ್ಸ್‌ನ ಪಟ್ಟಿ ಬೇರೆ

ವಿಶ್ವದ 65ನೇ ಸ್ಥಾನದಲ್ಲಿರುವವರು ನಲವತ್ತರ ಆಸುಪಾಸಿನ ಜಾಗಗಳಿರುವ ಒಲಿಂಪಿಕ್ಸ್‌ಗೆ ಹೇಗೆ ಹೋಗುತ್ತಾರೆ ಎಂದು ಹಲವರು ಕೇಳುತ್ತಾರೆ. ಉತ್ತರ ದೇಶವಾರು ಮಿತಿಯಲ್ಲಿದೆ.

ಸಿಂಗಲ್ಸ್‌ನಲ್ಲಿ ಒಂದು ದೇಶಕ್ಕೆ ಎರಡು ಜಾಗ ಸಿಗಬೇಕಾದರೆ ಇಬ್ಬರೂ ವಿಶ್ವದ ಮೊದಲ 16ರೊಳಗಿರಬೇಕು. ಇಲ್ಲದಿದ್ದರೆ ಒಬ್ಬರೇ. ಪ್ಯಾರಿಸ್ 2024ಕ್ಕೆ ಲೆಕ್ಕ ಹಿಡಿದದ್ದು 2023ರ ಮೇ 1ರಿಂದ 2024ರ ಏಪ್ರಿಲ್ 28ರವರೆಗಿನ ಟೂರ್ನಿಗಳನ್ನು. ಭಾರತದಿಂದ ಪ್ರಣಯ್ ಮತ್ತು ಲಕ್ಷ್ಯ ಸೇನ್ ಇಬ್ಬರೂ 16ರೊಳಗಿದ್ದರು, ಹೋದರು. ಅವರ ಹಿಂದಿದ್ದ ಕಿದಂಬಿ ಶ್ರೀಕಾಂತ್‌ಗೆ ಜಾಗವಿರಲಿಲ್ಲ. ಚೀನಾ, ಜಪಾನ್, ಇಂಡೋನೇಷ್ಯಾ, ಡೆನ್ಮಾರ್ಕ್, ತೈವಾನ್ ಎಲ್ಲ ಕಡೆಯೂ ಹೀಗೆ ಹೆಸರುಗಳು ಅಳಿಸಿಹೋಗುತ್ತವೆ. ಹಾಗೆ ಅಳಿಸಿದಷ್ಟೂ ಕೆಳಗಿನ ದೇಶಗಳ ಮೊದಲನೆಯವರು ಮೇಲೆ ಬರುತ್ತಾರೆ. ಐರ್ಲೆಂಡಿನ ನಂಬರ್ ಒನ್‌ಗೆ ದಾರಿ ತೆರೆಯುವುದು ಇಲ್ಲಿ. ಅದು ಕೃಪೆಯಲ್ಲ, ಒಲಿಂಪಿಕ್ಸ್ ಹಲವು ದೇಶಗಳ ಕೂಟವಾಗಿರಲಿ ಎಂದು ಮಾಡಿದ ನಿಯಮ.

ಆದರೆ ಒಳಗೆ ಹೋದ ಮೇಲೆ ಅದೇ ನಿಯಮಪುಸ್ತಕ ಕಠಿಣವಾಗುತ್ತದೆ. ಬೀಜಿಂಗ್‌ನಲ್ಲಿ ನೇರ ನಾಕೌಟ್ ಇತ್ತು. ಲಂಡನ್‌ನಿಂದ ಗುಂಪು ಹಂತ ಬಂತು: ಮೂರ್ನಾಲ್ಕು ಮಂದಿಯ ಗುಂಪು, ಪ್ರತಿ ಗುಂಪಿಗೂ ಒಬ್ಬ ಶ್ರೇಯಾಂಕಿತ, ಮುಂದೆ ಹೋಗುವುದು ಗುಂಪಿನಲ್ಲಿ ಮೊದಲು ಬಂದವರು ಮಾತ್ರ. ಅಂದರೆ ಶ್ರೇಯಾಂಕವಿಲ್ಲದವರು ಮುಂದೆ ಹೋಗಬೇಕಾದರೆ ಶ್ರೇಯಾಂಕಿತರನ್ನು ಸೋಲಿಸಲೇಬೇಕು. ಕ್ಲೋಯಿ ಲಂಡನ್‌ನಲ್ಲಿ ಒಂದು ಪಂದ್ಯ ಗೆದ್ದೂ ಗುಂಪಿನಲ್ಲೇ ಉಳಿದದ್ದು ಇದರಿಂದ.

ಇದನ್ನು ದಾಟಿ ತೋರಿಸಿದವರು ಡಬ್ಲಿನ್‌ನ ಸ್ಕಾಟ್ ಇವಾನ್ಸ್. ಅವರೂ ಕ್ಲೋಯಿಯಂತೆ ಬೀಜಿಂಗ್, ಲಂಡನ್, ರಿಯೊ ಮೂರನ್ನೂ ಆಡಿದವರು. ಬೀಜಿಂಗ್‌ನಲ್ಲಿ ಜರ್ಮನಿಯ ಮಾರ್ಕ್ ಸ್ವೀಬ್ಲರ್ ಎದುರು ಸೋತರು. ಲಂಡನ್‌ನಲ್ಲಿ ಎದುರಾದದ್ದು ಆಗಿನ ಒಲಿಂಪಿಕ್ ಚಾಂಪಿಯನ್, ಚೀನಾದ ಲಿನ್ ಡಾನ್. ರಿಯೊದಲ್ಲಿ ಮತ್ತೆ ಅದೇ ಸ್ವೀಬ್ಲರ್, ಈ ಸಲ ಗುಂಪಿನ ಶ್ರೇಯಾಂಕಿತರಾಗಿ. ಮೊದಲ ಗೇಮ್ 9-21ರಲ್ಲಿ ಹೋಯಿತು. ಮುಂದಿನದು 21-17, ಕೊನೆಯದು 21-7. ಬ್ರೆಜಿಲ್‌ನ ಯ್ಗೊರ್ ಕೊಯೆಲ್ಯೊ ಅವರನ್ನು ಅವರ ತವರಿನ ಪ್ರೇಕ್ಷಕರ ಎದುರೇ 21-8, 19-21, 21-8ರಿಂದ ಸೋಲಿಸಿ ಇವಾನ್ಸ್ ಕೊನೆಯ ಹದಿನಾರಕ್ಕೆ ಹೋದರು. ಅಂಗಿ ಕಳಚಿ ಕುಣಿದ ಆ ಚಿತ್ರ ಐರ್ಲೆಂಡಿನ ಪತ್ರಿಕೆಗಳಲ್ಲೆಲ್ಲ ಬಂತು. ಮುಂದೆ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸನ್ 21-16, 21-12ರಿಂದ ತಡೆದರು.

## ಡೆನ್ಮಾರ್ಕಿನ ದಾರಿ, ಪ್ರಕಾಶ್ ಪಡುಕೋಣೆ ನಡೆದದ್ದೂ ಅದೇ

ಇವಾನ್ಸ್ ಹದಿಹರೆಯದಲ್ಲೇ ಡೆನ್ಮಾರ್ಕಿಗೆ ಹೋಗಿ ಅಲ್ಲಿ ಅಭ್ಯಾಸಕ್ಕೆ ನಿಂತವರು. ಯಾಕೆ ಎಂಬುದನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆಯವರು ಕೋಪನ್‌ಹೇಗನ್‌ಗೆ ಹೋಗಿ ನೆಲೆಸಿದ್ದಕ್ಕೂ ಕಾರಣ ಇದೇ. ಮಗಳು ದೀಪಿಕಾ ಹುಟ್ಟಿದ್ದೂ ಆ ಊರಲ್ಲೇ.

ಕೌಶಲ ಬೆಳೆಯಲು ಕೋಚ್ ಸಾಲದು, ಸರಿಸಮಾನರು ಬೇಕು. ಅಭ್ಯಾಸದ ಎರಡು ಭಾಗಗಳಿವೆ. ಒಂದು ಮಲ್ಟಿ-ಶಟಲ್: ಕೋಚ್ ಕೈಯಲ್ಲಿ ಶಟಲ್ ರಾಶಿ ಹಿಡಿದು ಒಂದರ ಹಿಂದೊಂದು ಮೂಲೆಮೂಲೆಗೆ ಕೊಡುತ್ತಾರೆ, ಆಟಗಾರ್ತಿ ಉಸಿರು ಬಿಡದೆ ಹೊಡೆಯುತ್ತ ಹೋಗಬೇಕು. ಇದಕ್ಕೆ ಒಬ್ಬ ಒಳ್ಳೆಯ ಕೋಚ್ ಸಾಕು, ಡೊನೆಗಾಲ್‌ನಲ್ಲೂ ನಡೆಯುತ್ತದೆ. ಇನ್ನೊಂದು ಸ್ಪಾರಿಂಗ್: ನಿಮ್ಮ ಸ್ಮ್ಯಾಶನ್ನು ತಿರುಗಿ ಕಳಿಸಬಲ್ಲ, ಸ್ಮ್ಯಾಶ್ ಎಂದು ತೋರಿಸಿ ನೆಟ್ ಬಳಿ ಮೆಲ್ಲಗೆ ಬೀಳಿಸುವ ನಿಮ್ಮ ಸುಳ್ಳು ಡ್ರಾಪ್‌ಗೆ ಮೋಸಹೋಗದ ಎದುರಾಳಿ ಪ್ರತಿದಿನ ಸಿಗಬೇಕು. ಸಣ್ಣ ದೇಶದ ನಂಬರ್ ಒನ್‌ನ ಕಷ್ಟ ಏನೆಂದರೆ ಅಭ್ಯಾಸದ ಹಾಲ್‌ನಲ್ಲಿ ಆಕೆಯನ್ನು ಸೋಲಿಸುವವರೇ ಇರುವುದಿಲ್ಲ. ದುರ್ಬಲ ರಿಟರ್ನ್‌ಗಳಿಗೆ ಒಗ್ಗಿಹೋದ ಕಾಲು, ಸೂಪರ್ 500ರ ಅಂಗಳದಲ್ಲಿ ಅರ್ಧ ಹೆಜ್ಜೆ ತಡವಾಗುತ್ತದೆ. ಮಹಿಳಾ ಆಟಗಾರ್ತಿಯರು ಪುರುಷರ ಜೊತೆ ಸ್ಪಾರಿಂಗ್ ಮಾಡಿ ಇದನ್ನು ಸ್ವಲ್ಪ ಸರಿದೂಗಿಸುತ್ತಾರೆ. ಮನೆಯಲ್ಲೇ ಸಹೋದರರಿದ್ದದ್ದು ಕ್ಲೋಯಿಗೆ ಎಷ್ಟು ದೊಡ್ಡ ಬಲವಾಗಿತ್ತೆಂದು ಇದರಿಂದ ಊಹಿಸಬಹುದು.

ಈಗ ಐರ್ಲೆಂಡಿಗೂ ಒಂದು ನೆಲೆ ಇದೆ. ಡಬ್ಲಿನ್‌ನ ಅಂಚಿನ ಅಬಟ್ಸ್‌ಟೌನ್‌ನಲ್ಲಿ ಸ್ಪೋರ್ಟ್ ಐರ್ಲೆಂಡ್ ಕ್ಯಾಂಪಸ್, ಅದರೊಳಗೆ ರಾಷ್ಟ್ರೀಯ ಒಳಾಂಗಣ ಕ್ರೀಡಾಂಗಣ. ರಾಷ್ಟ್ರೀಯ ತಂಡದವರ ಅಭ್ಯಾಸ ಅಲ್ಲೇ.

## ಗಾಳಿ ಮತ್ತು ಶಟಲ್

ಟಿವಿಯಲ್ಲಿ ಕಾಣದ ಒಂದು ಸಂಗತಿ ಇದು. ಯುರೋಪಿನ ಆಟಗಾರರು ಏಷ್ಯಾದ ಮೊದಲ ಪಂದ್ಯದಲ್ಲೇ ಎಡವುವುದಕ್ಕೆ ಇದೂ ಒಂದು ಕಾರಣ.

ಒಂದು ಶಟಲ್‌ನಲ್ಲಿ 16 ಗರಿ, ತೂಕ 4.74ರಿಂದ 5.50 ಗ್ರಾಂ. ಟ್ಯೂಬಿನ ಮೇಲೆ 76, 77, 78 ಎಂದು ಬರೆದಿರುತ್ತದಲ್ಲ, ಅದು ಗ್ರೇನ್ ಎಂಬ ಹಳೆಯ ಅಳತೆಯಲ್ಲಿ ಶಟಲ್‌ನ ತೂಕ. 77 ಅಂದರೆ ಹೆಚ್ಚುಕಡಿಮೆ 5 ಗ್ರಾಂ. ಸಂಖ್ಯೆ ಒಂದು ಹೆಚ್ಚಾದರೆ ಶಟಲ್ ಸುಮಾರು ಒಂದು ಅಡಿ ಮುಂದೆ ಬೀಳುತ್ತದೆ. ತಂಪು ಹವೆ ಸಾಂದ್ರ, ಶಟಲನ್ನು ಬೇಗ ತಡೆಯುತ್ತದೆ. ಹಾಗಾಗಿ ಐರ್ಲೆಂಡಿನ ಚಳಿಗಾಲದ ಹಾಲ್‌ಗಳಲ್ಲಿ ಭಾರದ ಸಂಖ್ಯೆ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಶಟಲ್ ಹಾರಿಹೋಗುತ್ತದೆ. ಇಲ್ಲಿ ಕಡಿಮೆ ಸಂಖ್ಯೆಯವು ಬೇಕು.

ವೇಗ ಸರಿಯಿದೆಯೇ ಎಂದು ನೋಡುವ ವಿಧಾನ ನಿಯಮದಲ್ಲೇ ಇದೆ. ಒಂದು ತುದಿಯ ಹಿಂಬದಿ ಗೆರೆಯ ಮೇಲೆ ನಿಂತು, ಕೆಳಗಿನಿಂದ ಮೇಲಕ್ಕೆ ಪೂರ್ಣ ಬಲದಲ್ಲಿ, ಪಕ್ಕದ ಗೆರೆಗೆ ಸಮಾನಾಂತರವಾಗಿ ಹೊಡೆಯಬೇಕು. ಶಟಲ್ ಎದುರಿನ ಹಿಂಬದಿ ಗೆರೆಗಿಂತ 530ರಿಂದ 990 ಮಿಲಿಮೀಟರ್ ಒಳಗೆ ಬಿದ್ದರೆ ಸರಿ. ಕೆಲವು ಅಂಗಳಗಳಲ್ಲಿ ಈ ಪಟ್ಟಿಯನ್ನು ಗುರುತು ಮಾಡಿಯೇ ಇರುತ್ತಾರೆ. ನಿಮ್ಮ ಕ್ಲಬ್ಬಿನಲ್ಲಿ ನಾಳೆಯೇ ಮಾಡಿ ನೋಡಬಹುದು.

ಇದರ ಮೇಲೆ ಹವಾನಿಯಂತ್ರಣದ ಗಾಳಿ. ಜಕಾರ್ತ, ಕ್ವಾಲಾಲಂಪುರದಂಥ ಕಡೆ ದೊಡ್ಡ ಕ್ರೀಡಾಂಗಣದಲ್ಲಿ ಏಸಿ ಗಾಳಿ ಒಂದು ಬದಿಯಿಂದ ಬೀಸಿದರೆ, ಒಂದು ತುದಿಯಲ್ಲಿ ನಿಂತವರ ಲಿಫ್ಟ್ (ಹಿಂಬದಿಗೆ ಎತ್ತಿ ಕಳಿಸುವ ಹೊಡೆತ) ಗೆರೆ ದಾಟುತ್ತದೆ, ಇನ್ನೊಂದು ತುದಿಯಲ್ಲಿ ಅದೇ ಹೊಡೆತ ಮಧ್ಯದಲ್ಲೇ ಬೀಳುತ್ತದೆ. ಪರಿಹಾರ ಒಂದೇ: ಪಂದ್ಯಕ್ಕೆ ಎರಡು ದಿನ ಮೊದಲು ಹೋಗಿ ಮುಖ್ಯ ಹಾಲ್‌ನಲ್ಲಿ ಅಭ್ಯಾಸದ ಸಮಯ ಬಳಸಿಕೊಳ್ಳುವುದು. ಎರಡು ದಿನ ಮೊದಲು ಹೋಗುವುದೆಂದರೆ ಎರಡು ರಾತ್ರಿಯ ಹೋಟೆಲ್ ಖರ್ಚು.

## ದುಡ್ಡು ಎಲ್ಲಿಂದ?

ಬಹುಮಾನದ ಹಣದಿಂದ ಅಲ್ಲ. ಒಟ್ಟು 2,10,000 ಡಾಲರ್ ಬಹುಮಾನದ ಒಂದು ಸೂಪರ್ 300 ಟೂರ್ನಿ ತೆಗೆದುಕೊಳ್ಳಿ. ಸಿಂಗಲ್ಸ್ ಗೆದ್ದವರಿಗೆ ಒಟ್ಟು ಮೊತ್ತದ ಶೇ 7.5, ಅಂದರೆ 15,750 ಡಾಲರ್. ಫೈನಲ್ ಸೋತವರಿಗೆ 7,980. ಸೆಮಿಫೈನಲ್‌ಗೆ 3,045. ಕ್ವಾರ್ಟರ್ ಫೈನಲ್‌ಗೆ 1,260. ಎರಡನೇ ಸುತ್ತಿಗೆ 735. ಮೊದಲ ಸುತ್ತಿನಲ್ಲಿ ಸೋತರೆ ಏನೂ ಇಲ್ಲ. ಯುರೋಪಿನಿಂದ ಲಖನೌಗೆ ಬಂದು ಕ್ವಾರ್ಟರ್ ಫೈನಲ್ ಆಡಿದರೂ ವಿಮಾನ, ವೀಸಾ, ಹೋಟೆಲ್ ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ.

ಹಾಗಾಗಿ ಮೂರು ಆಸರೆಗಳು. ಮೊದಲನೆಯದು ಸರ್ಕಾರದ ಕ್ರೀಡಾ ಸಂಸ್ಥೆ ಸ್ಪೋರ್ಟ್ ಐರ್ಲೆಂಡ್‌ನ ಕಾರ್ಡಿಂಗ್ ಯೋಜನೆ, ಅಂದರೆ ಸಾಧನೆಯ ದರ್ಜೆಗೆ ತಕ್ಕ ವಾರ್ಷಿಕ ಧನಸಹಾಯ. ಕ್ಲೋಯಿ ಆಡುತ್ತಿದ್ದ ಕಾಲದಲ್ಲಿ ಪದಕದ ನಿರೀಕ್ಷೆಯ ಮೇಲ್ದರ್ಜೆಗೆ 40,000 ಯೂರೊ, ನಡುವಿನದಕ್ಕೆ 20,000, ಅದರ ಕೆಳಗಿನದಕ್ಕೆ 12,000 ಇತ್ತು. ಪ್ರತಿ ವರ್ಷ ಮರುಪರಿಶೀಲನೆ: ರ‍್ಯಾಂಕಿಂಗ್ ಬಿದ್ದರೆ ದರ್ಜೆಯೂ ಬೀಳುತ್ತದೆ, ಆಗ ಟೂರ್ನಿಗಳಿಗೆ ಹೋಗಲು ಹಣ ಸಾಲದೆ ರ‍್ಯಾಂಕಿಂಗ್ ಇನ್ನೂ ಬೀಳುತ್ತದೆ. ಎರಡನೆಯದು ಡೆನ್ಮಾರ್ಕ್, ಜರ್ಮನಿ, ಫ್ರಾನ್ಸ್‌ನ ಕ್ಲಬ್ ಲೀಗ್‌ಗಳು. ಅಲ್ಲಿನ ಕ್ಲಬ್‌ಗಳು ವಿದೇಶಿ ಆಟಗಾರರಿಗೆ ಪಂದ್ಯಕ್ಕೆ ಇಷ್ಟೆಂದು ಕೊಡುತ್ತವೆ. ವಾರದ ಮಧ್ಯೆ ಟೂರ್ನಿ, ವಾರಾಂತ್ಯಕ್ಕೆ ಲೀಗ್ ಎಂದು ಓಡುವವರು ಯುರೋಪಿನಲ್ಲಿ ಬಹಳ. ಮೂರನೆಯದು ರ‍್ಯಾಕೆಟ್ ಕಂಪನಿಗಳ ಪ್ರಾಯೋಜಕತ್ವ, ಬಹುಪಾಲು ಸಾಮಗ್ರಿ ರೂಪದಲ್ಲಿ.

ಕಾಮನ್‌ವೆಲ್ತ್ ಕ್ರೀಡಾಕೂಟ ನಮ್ಮ ಆಟಗಾರರಿಗೆ ಹೆಸರು, ಹಣ ಎರಡನ್ನೂ ತರುತ್ತದೆ. ಕ್ಲೋಯಿಗೆ ಅದೂ ಇರಲಿಲ್ಲ, ಐರ್ಲೆಂಡ್ ಗಣರಾಜ್ಯ ಕಾಮನ್‌ವೆಲ್ತ್‌ನಲ್ಲಿಲ್ಲ. ಇಲ್ಲೊಂದು ತೊಡಕು ಇದೆ: ಬ್ಯಾಡ್ಮಿಂಟನ್‌ನಲ್ಲಿ ಇಡೀ ದ್ವೀಪ ಒಂದೇ ತಂಡ. ಬೆಲ್‌ಫಾಸ್ಟ್‌ನವರು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಐರ್ಲೆಂಡ್ ಪರ ಆಡುತ್ತಾರೆ, ಕಾಮನ್‌ವೆಲ್ತ್ ಕೂಟದಲ್ಲಿ ಉತ್ತರ ಐರ್ಲೆಂಡ್ ಪರ. ಅವರಿಗೆ ಸಿಗುವ ಆ ಕೂಟ, ಗಡಿಯ ಈಚೆ ಕೆಲವೇ ಮೈಲಿ ದೂರದ ರಫೋದವರಿಗೆ ಇಲ್ಲ. ಯುರೋಪಿಯನ್ ಗೇಮ್ಸ್ ಅವರಿಗೆ ಅಷ್ಟು ಮುಖ್ಯವಾಗುವುದು ಅದಕ್ಕೇ.

## ಸಿಂಗಲ್ಸ್‌ನಿಂದ ಮಿಶ್ರ ಡಬಲ್ಸ್‌ಗೆ

ರಿಯೊ ಮುಗಿಯುವ ಹೊತ್ತಿಗೆ ಕ್ಲೋಯಿಗೆ 27 ವಯಸ್ಸು. ಮುಂದೆ ಸ್ಯಾಮ್ ಜೊತೆಗಿನ ಮಿಶ್ರ ಡಬಲ್ಸ್ ಮುಖ್ಯವಾಯಿತು. ಆಟದ ಗುಣವೇ ಬದಲಾಗುತ್ತದೆ. ಸಿಂಗಲ್ಸ್ ಕಾಲಿನ ಆಟ, ದೀರ್ಘ ರ‍್ಯಾಲಿ. ಮಿಶ್ರ ಡಬಲ್ಸ್‌ನಲ್ಲಿ ಸಾಮಾನ್ಯವಾಗಿ ಮಹಿಳೆ ನೆಟ್ ಬಳಿ, ಪುರುಷ ಹಿಂದೆ. ಮೊದಲ ಮೂರು ಹೊಡೆತಗಳಲ್ಲೇ, ಅಂದರೆ ಸರ್ವ್, ರಿಟರ್ನ್, ಅದರ ಮರುಹೊಡೆತದಲ್ಲಿ, ಬಹಳಷ್ಟು ತೀರ್ಮಾನವಾಗಿಬಿಡುತ್ತದೆ. ಮುಂದೆ ನಿಂತವರು ಶಟಲನ್ನು ನೆಟ್‌ಗಿಂತ ಮೇಲಿದ್ದಾಗಲೇ ಮುಟ್ಟಿದರೆ ಎದುರಾಳಿ ಎತ್ತಿ ಕೊಡಲೇಬೇಕು, ಹಿಂದಿನವರು ಸ್ಮ್ಯಾಶ್ ಮಾಡುತ್ತಾರೆ. ತಡವಾಗಿ ಮುಟ್ಟಿದರೆ ಎತ್ತಿ ಕೊಡುವ ಪಾಳಿ ನಮ್ಮದು.

ಡಬಲ್ಸ್‌ನಲ್ಲಿ ರ‍್ಯಾಂಕಿಂಗ್ ಜೋಡಿಯದು, ವ್ಯಕ್ತಿಯದಲ್ಲ. ಜೊತೆಗಾರರು ಬದಲಾದರೆ ಹೊಸ ಜೋಡಿಯ ಖಾತೆ ಸೊನ್ನೆಯಿಂದ ಶುರು. ಜನ ಕಡಿಮೆ ಇರುವ ದೇಶದಲ್ಲಿ ವರ್ಷಗಟ್ಟಲೆ ಒಡೆಯದ ಜೋಡಿ ಸಿಗುವುದು ಕಷ್ಟ. ಒಡಹುಟ್ಟಿದವರ ಜೋಡಿ ಈ ಕಷ್ಟವನ್ನು ದಾಟಿತು. 2017ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್‌ನಲ್ಲಿ ಅವರು ಯುರೋಪಿಯನ್ ಚಾಂಪಿಯನ್‌ಷಿಪ್‌ನ ಸೆಮಿಫೈನಲ್ ತಲುಪಿದರು. ಆ ಕೂಟದಲ್ಲಿ ಮೂರನೇ ಸ್ಥಾನಕ್ಕೆ ಪಂದ್ಯವಿಲ್ಲ, ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು. ಆ ಕೂಟದಲ್ಲಿ ಐರ್ಲೆಂಡಿಗೆ ಅದು ಮೊದಲ ಪದಕ.

ಒಲಿಂಪಿಕ್ಸ್‌ಗೆ ಮಾತ್ರ ಈ ದಾರಿ ಸಿಂಗಲ್ಸ್‌ಗಿಂತ ಇಕ್ಕಟ್ಟು, ಏಕೆಂದರೆ ಜಾಗ ಇರುವುದು 16 ಜೋಡಿಗಳಿಗೆ. ಟೋಕಿಯೊ ಅರ್ಹತೆಯ ಕೊನೆಯಲ್ಲಿ, 2021ರಲ್ಲಿ, ಕೋವಿಡ್‌ನಿಂದ ಇಂಡಿಯಾ, ಮಲೇಷ್ಯಾ, ಸಿಂಗಪುರ ಓಪನ್ ಮೂರೂ ನಡೆಯಲಿಲ್ಲ. ಪಾಯಿಂಟ್ ಕೂಡಿಸಬೇಕಿದ್ದವರಿಗೆಲ್ಲ ಬಾಗಿಲು ಮುಚ್ಚಿತು. ನಮ್ಮ ಸೈನಾ ನೆಹ್ವಾಲ್, ಶ್ರೀಕಾಂತ್ ಕೂಡ ಹೀಗೇ ತಪ್ಪಿಸಿಕೊಂಡರು. ಸ್ಯಾಮ್ ಮತ್ತು ಕ್ಲೋಯಿ ಟೋಕಿಯೊಗೆ ಹೋಗಲಿಲ್ಲ.

## ಪಾಸ್‌ಪೋರ್ಟ್ ಮತ್ತು ಮುಂದಿನವರು

ಟೋಕಿಯೊಗೆ ಐರ್ಲೆಂಡಿನಿಂದ ಹೋದ ಏಕೈಕ ಬ್ಯಾಡ್ಮಿಂಟನ್ ಆಟಗಾರ ನ್ಯಾತ್ ಎನ್‌ಗುಯೆನ್. 2000ದಲ್ಲಿ ವಿಯೆಟ್ನಾಂನಲ್ಲಿ ಹುಟ್ಟಿ, ಆರನೇ ವಯಸ್ಸಿಗೆ ಕುಟುಂಬದ ಜೊತೆ ಡಬ್ಲಿನ್‌ಗೆ ಬಂದವರು. ಅಕ್ಕ ಥಾಮಿ ಅದೇ ದೇಶಕ್ಕೆ ವೇಟ್‌ಲಿಫ್ಟಿಂಗ್‌ನಲ್ಲಿ ಸ್ಪರ್ಧಿಸಿದವರು. ನ್ಯಾತ್ ಟೋಕಿಯೊದಲ್ಲಿ ಶ್ರೀಲಂಕಾದ ನಿಲುಕಾ ಕರುಣಾರತ್ನೆ ಮೇಲೆ ಗೆದ್ದು, ತೈವಾನಿನ ವಾಂಗ್ ತ್ಸು-ವೇಯ್‌ಗೆ ಸೋತರು. ಪ್ಯಾರಿಸ್‌ನಲ್ಲಿ ಅವರ ಗುಂಪಿನಲ್ಲಿದ್ದದ್ದು ಹಾಲಿ ಚಾಂಪಿಯನ್ ಆಕ್ಸೆಲ್ಸನ್, ರಿಯೊದಲ್ಲಿ ಇವಾನ್ಸ್‌ರನ್ನು ತಡೆದ ಅದೇ ಆಕ್ಸೆಲ್ಸನ್. ಪ್ಯಾರಿಸ್‌ನ ಮಹಿಳಾ ಸಿಂಗಲ್ಸ್‌ಗೆ ಹೋದ ರೇಚಲ್ ಡಾರಾ ಮತ್ತೆ ರಫೋದವರೇ.

ವಲಸೆ ಬಂದ ಕುಟುಂಬದ ಮಗುವಿಗೆ ನಿಯಮ ಏನು ಹೇಳುತ್ತದೆ? ಕ್ಲಬ್, ಕೌಂಟಿ ಮಟ್ಟದ ಆಟಕ್ಕೆ ಪೌರತ್ವದ ಪ್ರಶ್ನೆ ಬರುವುದಿಲ್ಲ. ದೇಶವನ್ನು ಪ್ರತಿನಿಧಿಸುವಾಗ, ಒಲಿಂಪಿಕ್ಸ್‌ನಲ್ಲಂತೂ ಖಂಡಿತವಾಗಿ, ಪೌರತ್ವ ಬೇಕು. 2005ರ ಜನವರಿ 1ರ ನಂತರ ಐರ್ಲೆಂಡಿನಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಪೌರತ್ವ ಸಿಗಬೇಕಾದರೆ, ವಿದೇಶಿ ತಂದೆ ಅಥವಾ ತಾಯಿ ಅದಕ್ಕೆ ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಅಲ್ಲಿ ಲೆಕ್ಕಕ್ಕೆ ಬರುವಂತೆ ವಾಸಿಸಿರಬೇಕು. ವಿದ್ಯಾರ್ಥಿ ವೀಸಾದ ಅವಧಿ ಇದರಲ್ಲಿ ಸೇರುವುದಿಲ್ಲ. ದೊಡ್ಡವರು ಪೌರತ್ವಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ ಐದು ವರ್ಷದ ವಾಸ ಬೇಕು. ಭಾರತ ದ್ವಿಪೌರತ್ವ ಒಪ್ಪುವುದಿಲ್ಲ, ಆದ್ದರಿಂದ ಐರಿಷ್ ಪಾಸ್‌ಪೋರ್ಟ್ ಪಡೆದ ಮೇಲೆ ಭಾರತದ್ದನ್ನು ಒಪ್ಪಿಸಬೇಕು, ಬೇಕಾದರೆ ಸಾಗರೋತ್ತರ ಭಾರತೀಯರಿಗಿರುವ ಓಸಿಐ ಕಾರ್ಡ್ ಮಾಡಿಸಿಕೊಳ್ಳಬಹುದು. ಒಮ್ಮೆ ಒಂದು ದೇಶಕ್ಕೆ ಅಂತರರಾಷ್ಟ್ರೀಯ ಪಂದ್ಯ ಆಡಿದರೆ ಇನ್ನೊಂದಕ್ಕೆ ಬದಲಾಯಿಸಲು ಕಾಯುವ ಅವಧಿ ಇದೆ. ಹದಿನೈದರ ಮಗುವಿಗೆ ಆ ಕಾಯುವಿಕೆ ದುಬಾರಿ, ಮೊದಲ ಪಂದ್ಯಕ್ಕೆ ಮುನ್ನವೇ ಯೋಚಿಸಿಕೊಳ್ಳುವುದು ಒಳ್ಳೆಯದು.

ಕ್ರಮ ಹೀಗೆ: ಮೊದಲು ಬ್ಯಾಡ್ಮಿಂಟನ್ ಐರ್ಲೆಂಡ್‌ಗೆ ನೋಂದಾಯಿತವಾದ ಕ್ಲಬ್, ಅಲ್ಲಿಂದ ಅಲ್ಸ್ಟರ್, ಲೆನ್‌ಸ್ಟರ್, ಮನ್‌ಸ್ಟರ್, ಕಾನಕ್ಟ್ ಎಂಬ ನಾಲ್ಕು ಪ್ರಾಂತ್ಯ ಶಾಖೆಗಳ ಟೂರ್ನಿಗಳು, ನಂತರ ವಯೋಮಿತಿಯ ರಾಷ್ಟ್ರೀಯ ತಂಡ. ಅಂತರರಾಷ್ಟ್ರೀಯ ಟೂರ್ನಿಗೆ ಆಟಗಾರರು ತಾವಾಗಿ ಹೆಸರು ಕೊಡುವಂತಿಲ್ಲ, ರಾಷ್ಟ್ರೀಯ ಸಂಸ್ಥೆಯೇ ಕೊಡಬೇಕು. ಪ್ರವೇಶ ಮುಚ್ಚುವ ದಿನ ಟೂರ್ನಿಗೆ ಎಷ್ಟೋ ವಾರ ಮೊದಲೇ ಇರುತ್ತದೆ, ಸಂಸ್ಥೆಯ ಒಳಗಿನ ಗಡುವು ಅದಕ್ಕೂ ಮೊದಲು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಬೇಕಾದದ್ದು ಆ ಎರಡನೇ ದಿನಾಂಕವನ್ನು.